ಕಾಲಿಗೆಂದು ತಂದ ಪೆಟ್ಟಿಗೆ

ಮನುಷ್ಯರಲ್ಲಿ ಆರಿಸುವವರು ಬೇರೆ, ತಿರಸ್ಕರಿಸುವವರು ಬೇರೆ ಎಂದು ನನ್ನ ನಂಬಿಕೆ. ನನ್ನ ತಂಗಿ ಆರಿಸುವವಳು. ಸೀರೆ ಅಂಗಡಿಯಲ್ಲಿ ಗುಡ್ಡೆ ಬಿದ್ದ ಸೀರೆಗಳ ನಡುವೆ ಕೈ ಹಾಕಿ, ಬುಟ್ಟಿಯಿಂದ ನಿಂಬೆಹಣ್ಣು ತೆಗೆದಷ್ಟು ಸಲೀಸಾಗಿ ಒಂದನ್ನು ಎಳೆದು "ಇದನ್ನ ಕಟ್ಟರಿ" ಎನ್ನುತ್ತಾಳೆ. ನಾನಾದರೋ ಅದೇ ಗುಡ್ಡೆಯಲ್ಲಿ ಒಂದೊಂದಕ್ಕೂ ಒಂದೊಂದು ದೋಷ ಹೇಳಿ, ದೋಷ ಕಾಣದ ಸೀರೆಗೂ ಏನೋ ಇರಲೇಬೇಕು, ನನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೆ ಎಂಬ ಗುಮಾನಿಯಿಂದ ಬರಿಗೈಯಲ್ಲಿ ಮನೆಗೆ ಬರುತ್ತೇನೆ. ಇದು ಹುಟ್ಟುಗುಣವೋ ಕಸುಬಿನ ಗುಣವೋ ಹೇಳಲಾರೆ. ಪುಣೆಯ ಹತ್ತಿರ ಭೋಸರಿಯ ಒಂದು ಗೇರ್ ಕಾರ್ಖಾನೆಯಲ್ಲಿ ಮಾಲಿನ ತಪಾಸಣೆ ನನ್ನ ಕೆಲಸ. ಹಲ್ಲು ಮುರಿದ, ಕೂದಲೆಳೆಯಷ್ಟು ವಾರೆಯಾದ ಗೇರುಗಳನ್ನು ಹಿಡಿದು ಕೆಂಪು ಡಬ್ಬಿಗೆ ಹಾಕುತ್ತೇನೆ. ಇಷ್ಟು ವರ್ಷ ಬೇಡ ಬೇಡ ಎಂದೇ ಸಂಬಳ ಎಣಿಸಿಕೊಂಡವಳಿಗೆ ಬೇಕು ಎನ್ನುವ ಮಾತು ನಾಲಿಗೆಗೆ ಸುಲಭವಾಗಿ ಬರುವುದಿಲ್ಲ. ನಮ್ಮ ಯಜಮಾನರನ್ನು ಕೂಡ ಆರಿಸಿದ್ದು ನನ್ನ ಸೋದರಮಾವ. ನನ್ನ ಕೈಗೆ ಬಿಟ್ಟಿದ್ದರೆ, ಪಾಪ, ಅವರು ಈಗಲೂ ಕೆಂಪು ಡಬ್ಬಿಯಲ್ಲೇ ಇರುತ್ತಿದ್ದರು.

ಇಂಥ ನನಗೆ ಐವತ್ತು ದಾಟಿದ ಮೇಲೆ ಒಂದು ಗಿಟಾರು ಗಂಟುಬಿತ್ತು. ಅದನ್ನೂ ನಾನು ಆರಿಸಿದ್ದಲ್ಲ. ಕಾರ್ಖಾನೆಯ ವಾರ್ಷಿಕ ಸಮಾರಂಭದಲ್ಲಿ ಚೀಟಿ ಎತ್ತಿದರು. ಮೊದಲ ಬಹುಮಾನ ವಾಷಿಂಗ್ ಮಷೀನು, ಎರಡನೆಯದು ಮಿಕ್ಸರು, ಮೂರನೆಯದು, ಯಾವ ಪುಣ್ಯಾತ್ಮನಿಗೆ ಹೊಳೆದಿತ್ತೋ, ಒಂದು ನೀಲಿ ಎಲೆಕ್ಟ್ರಿಕ್ ಗಿಟಾರು ಮತ್ತು ಊಟದ ಡಬ್ಬಿಗಿಂತ ತುಸು ದೊಡ್ಡದಾದ ಅದರ ಸ್ಪೀಕರು. ನಮ್ಮವರು ಪ್ರಹ್ಲಾದರಾಯರು, ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು, ಆಸ್ತಿಪಾಸ್ತಿಯನ್ನು ಬೆಲೆಯಿಂದಲೇ ನೋಡುವವರು. "ಒಂದು ನಂಬರು ಆಚೀಚಿ ಆಗಿದ್ರ ಮಿಕ್ಸರ್ ಬರತಿತ್ತು. ಇರ್ಲಿ, ಮಾರಿಬಿಡೂಣು" ಎಂದರು. ನಾನೂ ಹೂಂ ಅಂದೆ. ಆದರೆ ಮಾರುವ ಮೊದಲು ಫೋಟೋ ತೆಗೆಯಬೇಕಲ್ಲ, ಅದಕ್ಕಾಗಿ ಮಡಿಲಲ್ಲಿ ಇಟ್ಟುಕೊಂಡು ಧೂಳು ಒರೆಸುವಾಗ ಒರೆಸುವ ಬಟ್ಟೆ ದಪ್ಪ ತಂತಿಗೆ ಸಿಕ್ಕಿ ಎಳೆಯಿತು. ಆ ನಾದ ಕಿವಿಗಿಂತ ಮೊದಲು ಹೊಟ್ಟೆಗೆ ಬಂತು. ಸೀರೆಯ ನೆರಿಗೆಯ ಒಳಗಿಂದ ಯಾರೋ ನನ್ನ ಹೆಸರು ಹಿಡಿದು ಕರೆದಂತಾಯಿತು. ಫೋಟೋ ತೆಗೆಯಲಿಲ್ಲ.

ಮೊಬೈಲಿನ ವಿಡಿಯೋಗಳೇ ನನ್ನ ಗುರು. ಬೆರಳ ತುದಿಗಳು ಬೊಬ್ಬೆ ಎದ್ದು, ಒಡೆದು, ಕೊನೆಗೆ ಬಿಸಿ ತವೆಯಿಂದ ಭಕ್ರಿಯನ್ನು ಬರಿಗೈಯಲ್ಲಿ ತಿರುವುವಷ್ಟು ಗಟ್ಟಿಯಾದವು. ನಾಲ್ಕಾರು ಹಾಡು ಬಂದವು. ಬಂದವು ಎಂದರೆ ನನಗೆ ಗುರುತು ಸಿಗುವಷ್ಟು. ಆದರೆ ವಿಡಿಯೋದವರು ಒಂದು ತಂತಿ ಮುಟ್ಟಿದರೆ ನಾದ ಮಂಜಿನ ಹಾಗೆ ಕೋಣೆಯೆಲ್ಲ ಹರಡಿ, ಮೆಲ್ಲಗೆ ಕರಗುತ್ತದೆ. ನಾನು ಮುಟ್ಟಿದರೆ ಅಡುಗೆಮನೆಯಲ್ಲಿ ಚಮಚ ಬಿದ್ದ ಸದ್ದು. ಬಿದ್ದದ್ದು ಅಲ್ಲಿಗೇ ಮುಗಿಯಿತು. ಅವರ ಬೆರಳನ್ನೇ ನೋಡುತ್ತಿದ್ದ ನಾನು ಬಹಳ ದಿನಗಳ ಮೇಲೆ ಅವರ ಕಾಲನ್ನು ನೋಡಿದೆ. ಅಲ್ಲೊಂದು ಕಬ್ಬಿಣದ ಪೆಟ್ಟಿಗೆ. ಗಿಟಾರಿನ ವೈರು ಒಂದು ಕಡೆಯಿಂದ ಅದರೊಳಗೆ ಹೋಗಿ, ಇನ್ನೊಂದು ಕಡೆಯಿಂದ ಸ್ಪೀಕರಿಗೆ ಬರುತ್ತದೆ. ಕಾಲಿನಿಂದ ಒಂದು ಗುಂಡಿ ಒತ್ತಿದರೆ ಮಂಜು, ಇನ್ನೊಂದು ಒತ್ತಿದರೆ ಗುಡುಗು, ಮತ್ತೊಂದು ಒತ್ತಿದರೆ ನೀರಿನೊಳಗಿನಿಂದ ಬಂದ ಮಾತು. ಹತ್ತಾರು ಪೆಡಲುಗಳ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುವುದರಿಂದ ಅದಕ್ಕೆ ಮಲ್ಟಿ ಇಫೆಕ್ಟ್ ಪೆಡಲು ಎಂದು ಹೆಸರು.

ನನಗೆ ಗುಡುಗು ಬೇಕಾಗಿರಲಿಲ್ಲ. ನಾನು ವಿಜಯಪುರದವಳು. ಸಣ್ಣವಳಿದ್ದಾಗ ಅಪ್ಪನ ಕೈ ಹಿಡಿದು ಗೋಳಗುಮ್ಮಟದ ಕಡಿದಾದ ಮೆಟ್ಟಿಲು ಹತ್ತಿ, ಮೇಲಿನ ಆ ದುಂಡನೆಯ ಗ್ಯಾಲರಿಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದ್ದು ನೆನಪಿದೆ. ತಟ್ಟಿದ್ದು ಒಂದು, ಬಂದದ್ದು ಅನೇಕ. ಒಂದರ ಹಿಂದೆ ಒಂದು, ಪ್ರತಿಯೊಂದೂ ಹಿಂದಿನದಕ್ಕಿಂತ ಕೊಂಚ ಮೃದು, ಕೊಂಚ ದೂರ, ಕೊನೆಯದು ಬಂತೋ ಇಲ್ಲವೋ ಎಂದು ಕಿವಿ ನಿಮಿರಿಸಿ ಕಾದು ನಿಲ್ಲುವಷ್ಟು ಮೆಲ್ಲಗೆ. ನಾನೆಂಬ ಮೊಳದುದ್ದದ ಹುಡುಗಿಯಿಂದ ಹೊರಟ ಶಬ್ದಕ್ಕೆ ಇಷ್ಟು ದೊಡ್ಡ ಮನೆ ಸಿಕ್ಕಿತಲ್ಲ ಎಂದು ಹಿಗ್ಗಿದ್ದೆ. ಆ ಪೆಟ್ಟಿಗೆಯಲ್ಲಿ ಅದೇ ಗುಮ್ಮಟವನ್ನು ಮಡಚಿ ಇಟ್ಟಿದ್ದಾರೆ ಎಂದು ತಿಳಿದ ದಿನದಿಂದ ನನಗೆ ಕಾರ್ಖಾನೆಯಲ್ಲಿ ಗೇರುಗಳ ಹಲ್ಲು ಕಾಣಿಸದಾಯಿತು. ಕೆಂಪು ಡಬ್ಬಿ ಅರ್ಧ ತುಂಬುವುದೂ ಕಷ್ಟವಾಗಿ, ಮಾಲಿನ ಗುಣಮಟ್ಟ ಸುಧಾರಿಸಿದೆ ಎಂದು ಮೇಲಿನವರು ಸಂತೋಷಪಟ್ಟರು.

ಮನೆಯಲ್ಲಿ ವಿಷಯ ಎತ್ತಿದೆ. ಅತ್ತೆಯವರು ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣು ತೆಗೆಯದೆ, "ಪೆಡಲ್ ಹೊಲಿಗಿ ಮಷೀನಿಗೆ ಇರತದ. ಇದಕ್ಯಾಕ?" ಎಂದರು. ನಮ್ಮವರು, "ಹತ್ತು ಸಾವಿರದ ಒಳಗ ಬರೂದಿದ್ರ ನೋಡು. ಮ್ಯಾಲೆ ಒಂದು ಪೈ ಇಲ್ಲ" ಎಂದರು. ಬ್ಯಾಂಕಿನವರ ಬಾಯಿಂದ ಸಾಲ ಮಂಜೂರಾದಷ್ಟೇ ಸಂತೋಷವಾಯಿತು.

ಅತ್ತೆಯವರ ವಿಷಯ ಇಲ್ಲೇ ಒಂದು ಮಾತು ಹೇಳಬೇಕು. ಇಂದಿರಾಬಾಯಿ ಎಂದರೆ ನಾವಿರುವ ಹೌಸಿಂಗ್ ಸೊಸೈಟಿಯ ಕನ್ನಡ ಹೆಣ್ಣುಮಕ್ಕಳ ಭಜನಾ ಮಂಡಳಿಯ ದೊಡ್ಡ ಹೆಸರು. ಪ್ರತಿ ಶನಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಭಜನೆ, ಎಲ್ಲ ಹಾಡನ್ನೂ ಎತ್ತಿಕೊಡುವವರು ಅತ್ತೆಯವರೇ. ಆದರೆ ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಎದ್ದ ಮೇಲೆ ಅವರ ದನಿ ಬಹಳ ತೆಳ್ಳಗಾಯಿತು. ಸ್ವರ ತಪ್ಪುತ್ತಿರಲಿಲ್ಲ, ಆದರೆ ತಾಳದ ಸದ್ದಿನ ಆಚೆ ದಾಟುತ್ತಿರಲಿಲ್ಲ. ಮೂರನೆಯ ಮಹಡಿಯ ಕುಲಕರ್ಣಿ ಕಾಕು, "ನಿಮಗ ತ್ರಾಸ ಬ್ಯಾಡ್ರಿ, ನಾ ಎತ್ತಿಕೊಡತೀನಿ" ಎಂದು ಪ್ರೀತಿಯಿಂದಲೇ ಮೊದಲ ಹಾಡು ತೆಗೆದುಕೊಂಡರು. ಆಮೇಲೆ ಎರಡನೆಯದು. ಈಚೆಗೆ ಅತ್ತೆಯವರು ಗೋಡೆಗೆ ಒರಗಿ ಚಪ್ಪಾಳೆ ತಟ್ಟುವವರ ಸಾಲಿಗೆ ಬಂದಿದ್ದರು. ಒಂದು ಶನಿವಾರ ಮನೆಗೆ ಬಂದು ಸೆರಗು ಮಡಚಿಡುತ್ತ, "ಮುಂದಿನ ತಿಂಗಳಿಂದ ಹೋಗೂದಿಲ್ಲ. ಕೂತು ಕೇಳೂದು ಮನಿಯಾಗ ಟೀವಿ ಮುಂದನೂ ಆಗತದ" ಎಂದರು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಹೇಳಬಹುದಿತ್ತು. ಅವರು ನಾಳೆ ಹಾಲು ಬೇಡ ಎನ್ನುವಷ್ಟು ಸಾದಾ ಹೇಳಿದರು.

ಆ ಮುಂದಿನ ಭಾನುವಾರ ನಾನೂ ನಮ್ಮವರೂ ಸ್ಕೂಟರಿನಲ್ಲಿ ಪುಣೆಯ ಕ್ಯಾಂಪ್ ಪೇಟೆಗೆ ಹೋದೆವು. ಅಲ್ಲಿ ಹಳೆಯ ಬೇಕರಿಯ ಪಕ್ಕದ ಓಣಿಯಲ್ಲಿ ವಾದ್ಯಗಳ ಅಂಗಡಿ. ಅಂಗಡಿಯ ಮಾಲೀಕರು ಪೀಟರ್ ಅಂಕಲ್, ಗಲ್ಲಾದ ಹಿಂದೆ ಬೆತ್ತದ ಕುರ್ಚಿಯಲ್ಲಿ ಕೂತವರು, ನನ್ನನ್ನು ನೋಡಿ "ಬೇಟೇ ಕೇ ಲಿಯೇ?" ಎಂದರು. ಮಗನಿಗಲ್ಲ, ನನಗೇ ಎಂದೆ. ಅವರು ಒಂದು ಕ್ಷಣ ನನ್ನ ಕುಂಕುಮ, ಕೈಚೀಲ, ಹಿಂದೆ ನಿಂತ ಹೆಲ್ಮೆಟ್ಟಿನ ಗಂಡ ಎಲ್ಲವನ್ನೂ ನೋಡಿ, ಎರಡು ಪೆಟ್ಟಿಗೆಗಳನ್ನು ಗಾಜಿನ ಮೇಲೆ ಇಟ್ಟರು. ಒಂದು ದೊಡ್ಡದು, ವಿಮಾನದ ಚಾಲಕ ಕೂರುವ ಜಾಗದಂತೆ ಗುಂಡಿಗಳು, ಬೆಲೆಯೂ ವಿಮಾನದ್ದೇ. ಇನ್ನೊಂದು ಚಿಕ್ಕದು, ಒತ್ತಲು ಎರಡು ಗುಂಡಿ, ತಿರುಗಿಸಲು ಮೂರು ತಿರುಪು, ನಮ್ಮವರು ಮಂಜೂರು ಮಾಡಿದ ಮೊತ್ತದೊಳಗೆ ಬರುವಂಥದ್ದು. ಚಿಕ್ಕದಕ್ಕೆ ಒಂದು ಗಿಟಾರು ಜೋಡಿಸಿ ನನ್ನ ಕಿವಿಗೆ ಹೆಡ್‌ಫೋನು ಹಾಕಿದರು.

ಒಂದು ತಂತಿ ಮೀಟಿದೆ. ಕ್ಯಾಂಪಿನ ರಿಕ್ಷಾಗಳು, ಬೇಕರಿಯ ವಾಸನೆ, ಗಂಡ, ಎಲ್ಲ ಹಿಂದೆ ಸರಿದವು. ನಾದ ನನ್ನಿಂದ ಹೊರಟು, ದೂರದ ಒಂದು ಗೋಡೆಗೆ ಹೋಗಿ, ಅಲ್ಲಿ ತುಸು ಕೂತು ದಣಿವಾರಿಸಿಕೊಂಡು, ತಿರುಗಿ ಬಂತು. ಅದು ಬರುವಷ್ಟರಲ್ಲಿ ನಾನು ಇನ್ನೊಂದನ್ನು ಕಳಿಸಿದ್ದೆ. ಎರಡೂ ದಾರಿಯಲ್ಲಿ ಭೇಟಿಯಾದವು. ಕಣ್ಣು ಮುಚ್ಚಿದ್ದೆ. ಹೊರಗೆ ಬಿಸಿಲೋ ಸಂಜೆಯೋ, ನನಗೆ ವಯಸ್ಸೆಷ್ಟೋ, ಯಾವುದೂ ಹೊಳೆಯಲಿಲ್ಲ. ಯಾರೋ ಭುಜ ಅಲುಗಿಸಿದರು. ಹೆಡ್‌ಫೋನು ತೆಗೆದರೆ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಮ್ಮವರು ಕಿವಿಯ ಹತ್ತಿರ ಬಾಗಿ, "ಎಷ್ಟು ಜೋರಾಗಿ 'ಅಪ್ಪಾ, ಇನ್ನೊಮ್ಮೆ' ಅಂದಿ, ಗೊತ್ತೇನು?" ಎಂದರು.

ಅಲ್ಲೇ ಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹಣ ತೆಗೆಯಲು ಕೈಚೀಲಕ್ಕೆ ಕೈ ಹಾಕಿದೊಡನೆ ನನ್ನೊಳಗಿನ ತಪಾಸಣೆಯವಳು ಎದ್ದು ಕೂತಳು. ಎಡಗಡೆಯ ಗುಂಡಿ ಬಲಗಡೆಯದಕ್ಕಿಂತ ಕೂದಲೆಳೆಯಷ್ಟು ಸಡಿಲ. ಮತ್ತೆ ಒತ್ತಿದೆ, ಬಗ್ಗಿ ಕಣ್ಣಿನ ಮಟ್ಟಕ್ಕೆ ತಂದು ನೋಡಿದೆ, ಉಗುರಿನಿಂದ ಅಲುಗಿಸಿದೆ. ಬೇರೆ ಪೀಸು ಇದೆಯೇ ಎಂದರೆ ಇದ್ದದ್ದು ಅದೊಂದೇ. ವಿಚಾರ ಮಾಡಿ ಬರುತ್ತೇನೆ ಎಂದು ಹೊರಗೆ ಬಂದೆ. ಸ್ಕೂಟರು ಚಾಲೂ ಮಾಡುತ್ತ ನಮ್ಮವರು, "ಅದು ಗೇರ್ ಅಲ್ಲs ಮಾರಾಯ್ತಿ, ಗುಂಡಿ" ಎಂದಷ್ಟೇ ಹೇಳಿದರು.

ವಾರವಿಡೀ ಮೊಬೈಲಿನಲ್ಲಿ ವಿಮರ್ಶೆ ನೋಡಿದೆ. ಒಬ್ಬ ಸ್ವರ್ಗ ಎಂದ ಪೆಟ್ಟಿಗೆಯನ್ನೇ ಇನ್ನೊಬ್ಬ ಆಟಿಕೆ ಎನ್ನುತ್ತಿದ್ದ. ಕೆಳಗೆ ಕಾಮೆಂಟು ಬರೆದವರು ಇಬ್ಬರನ್ನೂ ಬೈಯುತ್ತಿದ್ದರು. ಹೀಗೆ ತಲೆ ಕೆಟ್ಟಿದ್ದಾಗ ವಿಮಾನ ನಿಲ್ದಾಣದ ಕಡೆಯ ಯೆರವಡಾದ ಒಬ್ಬ ಹುಡುಗ ದೊಡ್ಡ ಪೆಟ್ಟಿಗೆಯನ್ನೇ ಅರ್ಧ ಬೆಲೆಗೆ, ಎಂದರೆ ನಮ್ಮವರ ಹತ್ತು ಸಾವಿರದೊಳಗೇ, ಮಾರುತ್ತಿರುವುದು ಕಂಡಿತು. ಫೋನು ಮಾಡಿದರೆ ಕನ್ನಡದವನೇ. ಹೆಸರು ಚೇತನ್, ಮೈಸೂರು ಕಡೆಯವನು, ಅಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ. ಶನಿವಾರ ಮಧ್ಯಾಹ್ನ ಹೋದೆವು. "ಬನ್ನಿ ಆಂಟಿ, ಬನ್ನಿ ಅಂಕಲ್" ಎಂದು ಕೂರಿಸಿದ. ಪೆಟ್ಟಿಗೆ ಕೋಣೆಯ ನಡುವೆ ಮೆತ್ತನೆಯ ಚಾಪೆಯ ಮೇಲೆ ಮಲಗಿತ್ತು, ತೂಗಿ ಮಲಗಿಸಿದ ಮಗುವಿನ ಹಾಗೆ.

"ಇದ್ರಲ್ಲಿ ನಾನೇ ಮಾಡಿರೋ ಸೌಂಡ್ಸ್ ಸೇವ್ ಆಗಿವೆ ಆಂಟಿ. ಒಂದೆರಡು ಕೇಳಿಸ್ತೀನಿ" ಎಂದು ಗಿಟಾರು ಎತ್ತಿಕೊಂಡ. ಒಂದು ಸದ್ದು ಅವನು ಪುಣೆಗೆ ಬಂದ ಮೊದಲ ಮಳೆಯಲ್ಲಿ ಮಾಡಿದ್ದಂತೆ. ಇನ್ನೊಂದು ಹೆಂಡತಿ ರಮ್ಯಾ ಮದುವೆಗೆ ಒಪ್ಪಿದ ದಿನದ್ದು. ಅವನು ನುಡಿಸುತ್ತ ಹೋದ. ಕಿಟಕಿಯಲ್ಲಿ ವಿಮಾನವೊಂದು ಇಳಿಯಲು ಬಾಗಿ, ಬಹಳ ನಿಧಾನವಾಗಿ, ಅವನ ನಾದದ ಮೇಲೆಯೇ ತೇಲಿಕೊಂಡು ಹೋದ ಹಾಗೆ ಕಂಡಿತು. ನಮ್ಮವರು ಸೋಫಾದಲ್ಲಿ ತಲೆ ಹಿಂದಕ್ಕೆ ಹಾಕಿ ನಿದ್ದೆ ಹೋದರು. ನಾನೂ ಎಲ್ಲಿಗೆ ಬಂದಿದ್ದೇನೆ, ಏಕೆ ಬಂದಿದ್ದೇನೆ ಎಂಬುದನ್ನು ಬಿಟ್ಟುಕೊಟ್ಟು ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದೆ. ರಮ್ಯಾ ಅಡುಗೆಮನೆಯ ಬಾಗಿಲಿಗೆ ಬಂದು, "ಆಂಟಿ, ಕಾಫಿ ಕೊಡ್ಲಾ? ಪೆಡಲ್ ಅಂತೂ ಇವ್ನು ಕೊಡಲ್ಲ" ಎಂದಳು.

"ಹಾಗೇನಿಲ್ಲ, ಕೊಡ್ತೀನಿ" ಎಂದ ಚೇತನ್.

"ಹೋದ ತಿಂಗಳು ಬಂದವ್ರಿಗೂ ಹಿಂಗೇ ಕಚೇರಿ ಮಾಡಿ ಕಳಿಸ್ದೆ" ಎಂದಳು ಅವಳು.

ಅವನು ವೈರು ತೆಗೆದು ಸುತ್ತಿದ, ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟ. ನಾನು ಎದ್ದೆ. ಅವನೂ ಎದ್ದ. ಅವನ ಎರಡು ಕೈಗಳು ಮಾತ್ರ ಇನ್ನೂ ಪೆಟ್ಟಿಗೆಯ ಮೇಲೆಯೇ ಇದ್ದವು. ಇಬ್ಬರೂ ಅದನ್ನು ಹಿಡಿದುಕೊಂಡು ಬಾಗಿಲ ತನಕ ನಡೆದೆವು, ಪಲ್ಲಕ್ಕಿ ಹೊತ್ತವರಂತೆ. ಹೊಸ್ತಿಲಲ್ಲಿ ಅವನು, "ಆಂಟಿ, ಸಾರಿ, ಆಗ್ತಿಲ್ಲ" ಎಂದ. ಅವನ ಮುಖ ನೋಡಿ ನನಗೆ ಸಿಟ್ಟು ಬರಲಿಲ್ಲ. ಇಷ್ಟು ಖಚಿತವಾಗಿ ಒಂದು ವಸ್ತು ತನಗೆ ಬೇಕು ಎಂದು ತಿಳಿದವನ ಮೇಲೆ ಹೊಟ್ಟೆಕಿಚ್ಚಾಯಿತು.

ನಮ್ಮವರನ್ನು ಎಬ್ಬಿಸಿಕೊಂಡು ಹೊರಬಂದು, ಮನೆಯ ದಾರಿ ಬಿಟ್ಟು ಸೀದಾ ಕ್ಯಾಂಪಿಗೆ ನಡೆಯಿರಿ ಎಂದೆ. ಪೀಟರ್ ಅಂಕಲ್ ಶಟರು ಎಳೆಯುವುದರಲ್ಲಿದ್ದರು. ಚಿಕ್ಕ ಪೆಟ್ಟಿಗೆ ಇನ್ನೂ ಗಾಜಿನ ಕೆಳಗಿತ್ತು. ಗುಂಡಿಯನ್ನು ನೋಡಲಿಲ್ಲ, ನೋಡಬಾರದೆಂದು ಮುಖ ತಿರುಗಿಸಿಯೇ ಹಣ ಕೊಟ್ಟೆ. ಸ್ಕೂಟರಿನ ಹಿಂದೆ ಪೆಟ್ಟಿಗೆಯನ್ನು ಎದೆಗೆ ಅವಚಿ ಕೂತು ಬರುವಾಗ ರಸ್ತೆಯ ದೀಪಗಳೆಲ್ಲ ಒಂದೊಂದೇ ಹೊತ್ತಿಕೊಳ್ಳುತ್ತಿದ್ದವು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಹೊರಕೋಣೆಯಲ್ಲಿ ಎಲ್ಲ ಜೋಡಿಸಿಕೊಂಡು ನುಡಿಸತೊಡಗಿದೆ. ಮಂಜು ಬಂತು. ಮನೆಯ ಗೋಡೆಗಳು ಹಿಂದೆ ಹಿಂದೆ ಸರಿದು, ನಮ್ಮ ಎರಡು ಕೋಣೆಯ ಮನೆ ಕೋಟೆಯಷ್ಟಾಯಿತು. ಅತ್ತೆಯವರು ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದು ನನಗೆ ಗೊತ್ತಾದದ್ದು ಅವರ ಗುನುಗು ಕೇಳಿದಾಗ. ನಾನು ಹಿಡಿದ ಸ್ವರವನ್ನು ಅವರು ಬಾಯೊಳಗೇ ಹಿಡಿದಿದ್ದರು. ಒಂದು ಹುಚ್ಚು ವಿಚಾರ ಬಂತು. ಗಣಪತಿ ಹಬ್ಬಕ್ಕೆ ಮಾತ್ರ ಹೊರಬರುವ ಮಂಡಳಿಯ ಹಳೆಯ ಮೈಕು ನಮ್ಮ ಮನೆಯಲ್ಲೇ ಇರುತ್ತದೆ. ಅದರ ಪಿನ್ನು ನೋಡಿದರೆ ಗಿಟಾರಿನ ವೈರಿನಷ್ಟೇ ದಪ್ಪ. ಗಿಟಾರು ಕಿತ್ತು ಮೈಕು ಸಿಕ್ಕಿಸಿ, "ಅತ್ಯಾರ, ಒಂದು ಸಾಲು ಹಾಡ್ರಿ" ಎಂದೆ.

"ನನ್ನ ದನಿ ಎಲ್ಲದವಾ" ಎಂದರು. ಆದರೂ ಮೈಕು ಹಿಡಿದು, ಕಣ್ಣು ಮುಚ್ಚಿ, ತಮಗೆ ಪ್ರೀತಿಯ ದೇವರನಾಮದ ಮೊದಲ ಸಾಲು ಎತ್ತಿದರು. ಆ ಸಣ್ಣ ದನಿ ಪೆಟ್ಟಿಗೆಯೊಳಗೆ ಹೋಗಿ, ಹೊರಬರುವಾಗ ಹಳೆಯ ಕಲ್ಲುಗುಡಿಯ ಒಳಗಿನಿಂದ ಬಂದಂತೆ, ಅಗಲವಾಗಿ, ತಂಪಾಗಿ, ತನ್ನ ಹಿಂದೆ ತಾನೇ ಸೆರಗು ಎಳೆದುಕೊಂಡು ಬಂತು. ಅತ್ತೆಯವರು ತಟ್ಟನೆ ನಿಲ್ಲಿಸಿದರು. ಅವರು ನಿಲ್ಲಿಸಿದ ಮೇಲೂ ದನಿ ಒಂದಿಷ್ಟು ಹೊತ್ತು ಕೋಣೆಯಲ್ಲಿ ಓಡಾಡಿತು. ಅದು ಪೂರ್ತಿ ಹೋಗುವ ತನಕ ಅವರು ತಲೆ ಎತ್ತಿ ನೋಡುತ್ತಿದ್ದರು, ಮನೆಯೊಳಗೆ ಬಂದ ಗುಬ್ಬಿಯನ್ನು ನೋಡುವ ಹಾಗೆ.

"ಇದು ನಂದs ಏನು?" ಎಂದರು.

"ನಿಮ್ಮದs ರಿ."

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಲಿಲ್ಲ ಎಂದೇ ಅವರು ಈಗಲೂ ತಿಳಿದಿದ್ದಾರೆ. ಆಮೇಲೆ ಪೆಟ್ಟಿಗೆಯ ಕಡೆ ಬೆರಳು ತೋರಿಸಿ, "ಇದನ್ನ ಕಾಲಿಲೆ ಒತ್ತತಿಯೇನ? ದನಿ ಕೊಡೂ ವಸ್ತುವಿಗೆ ಕಾಲು ಹಚ್ಚತಾರೇನ?" ಎಂದು ಗದರಿ, ದೇವರ ಮುಂದಿನ ಮಣೆಯೊಂದನ್ನು ತರಿಸಿ, ಪೆಟ್ಟಿಗೆಯನ್ನು ಅದರ ಮೇಲೆ ಇರಿಸಿ, ಕುಂಕುಮ ಹಚ್ಚಿದರು. ನನ್ನ ಕಾಲು ಅಂದಿನಿಂದ ಅದರ ಹತ್ತಿರ ಹೋಗಿಲ್ಲ.

ಮುಂದಿನ ಶನಿವಾರದ ಭಜನೆ ಕುಲಕರ್ಣಿ ಕಾಕುವಿನ ಮನೆಯಲ್ಲಿ. ಮಣೆ, ಪೆಟ್ಟಿಗೆ, ಮೈಕು, ಅದರ ಸ್ಟ್ಯಾಂಡು, ಸ್ಪೀಕರು, ವೈರಿನ ಸುರುಳಿ ಹೊತ್ತುಕೊಂಡು ನಾನೂ ನಮ್ಮವರೂ ಹಿಂದೆ, ಅತ್ತೆಯವರು ಮುಂದೆ. "ಎಲ್ಲೆ ಬಿಟ್ಟಿದ್ದೆ, ಅಲ್ಲಿಂದ ಹಿಡೀತೀನವಾ" ಎಂದು ಕಾಕುವಿನ ಕೈಯಿಂದ ತಾಳ ತೆಗೆದುಕೊಂಡು ಶುರುಮಾಡಿದರು. ಕೋಣೆ ಗುಡಿಯಾಯಿತು. ಹೆಣ್ಣುಮಕ್ಕಳು ತಾಳ ಬಾರಿಸುವುದನ್ನು ಮರೆತು ಬಾಯಿ ತೆರೆದು ಕೂತರು. ಕಾಕುವಿನ ಮುಖ ಒಮ್ಮೆ ಬಾಡಿ, ಆಮೇಲೆ ಮೆಲ್ಲಗೆ ಅರಳಿತು. ಅವರೂ ಹಿಂದೆ ಹಿಂದೆ ಹಾಡತೊಡಗಿದರು. ಎಲ್ಲ ಸುಸೂತ್ರವಾಗಿ ನಡೆದು ಕೊನೆಯ ಹಾಡಿಗೆ ಬಂದೆವು. ಅದು ನರಸಿಂಹನ ಹಾಡು. ಕಂಬ ಒಡೆಯುವ ಚರಣಕ್ಕೆ ಅತ್ತೆಯವರು ಆವೇಶದಿಂದ ಕೈ ಬೀಸಿದರು ನೋಡಿ, ಕೈ ಹೋಗಿ ಎಡಗಡೆಯ ಆ ಸಡಿಲ ಗುಂಡಿಯ ಮೇಲೆ ಬಿತ್ತು. ಗುಡಿ ಹೋಗಿ ಗುಡುಗು ಬಂತು. ಅತ್ತೆಯವರ ಬಾಯಿಂದ ಸಾಕ್ಷಾತ್ ಸಿಂಹವೇ ಗರ್ಜಿಸಿತು. ಒಬ್ಬರ ಕೈಯಿಂದ ಆರತಿ ತಟ್ಟೆ ಜಾರಿತು, ಇಬ್ಬರು ಕೈ ಮುಗಿದು ಎದ್ದು ನಿಂತರು. ಹೆಸರಿಗೆ ಪ್ರಹ್ಲಾದರಾದ ನಮ್ಮವರು ಎಲ್ಲರಿಗಿಂತ ಮೊದಲು ಬಾಲ್ಕನಿ ಸೇರಿದರು. ನಾನು ನುಗ್ಗಿ ಗುಂಡಿ ಒತ್ತಬೇಕೆನ್ನುವಷ್ಟರಲ್ಲಿ ಅತ್ತೆಯವರು ಒಂದು ಕೈಯಿಂದ ನನ್ನನ್ನು ತಡೆದು, ಚರಣವನ್ನು ಅದೇ ಗರ್ಜನೆಯಲ್ಲಿ ಮುಗಿಸಿಯೇ ಬಿಟ್ಟರು. ಆಮೇಲೆ ನೀರು ಕುಡಿದು, "ಇದು ಛಲೋ ಅದ. ಇದನ್ನೂ ಇಟ್ಟಿರು" ಎಂದರು.

ಈಗ ಅವರಿಗೆ ಪಕ್ಕದ ಸೊಸೈಟಿಗಳಿಂದಲೂ ಕರೆ ಬರುತ್ತದೆ. ನಾನು ಮನೆಯಲ್ಲಿ ಗಿಟಾರನ್ನು ಸ್ಪೀಕರಿಗೆ ನೇರವಾಗಿ ಸಿಕ್ಕಿಸಿ ನುಡಿಸಿಕೊಳ್ಳುತ್ತೇನೆ, ಅದೂ ಸ್ಪೀಕರು ಊರಲ್ಲಿದ್ದಾಗ. ಒಂದು ದಿನ ಧೈರ್ಯ ಮಾಡಿ, "ಅತ್ಯಾರ, ನಿಮ್ಮ ಹಾಡಿನ ಜೊತಿ ನಾನೂ ಬಾರಿಸಲೇನ್ರಿ?" ಎಂದು ಕೇಳಿದೆ. ಅವರು ಉದಾರವಾಗಿ, "ಬಾರಿಸವಾ, ಯಾಕ ಬ್ಯಾಡ? ಪೆಟ್ಟಿಗಿ ಅಷ್ಟ ಕೇಳಬ್ಯಾಡ" ಎಂದರು. ಪಕ್ಕದ ಮನೆಯಿಂದ ಇನ್ನೊಂದು ಸ್ಪೀಕರು ಬೇಡಿ ತಂದು, ಹೋದ ಶನಿವಾರ ರೇಷ್ಮೆ ಸೀರೆ ಉಟ್ಟು, ನೀಲಿ ಗಿಟಾರು ಹಿಡಿದು ಅವರ ಹಿಂದೆ ಕೂತೆ. ಜೀವ ತುಂಬಿ ನುಡಿಸಿದೆ. ಒಂದು ತಪ್ಪೂ ಆಗಲಿಲ್ಲ. ನನ್ನ ಪಾಲಿಗೆ ಅದು ನನ್ನ ಮೊದಲ ಕಚೇರಿ.

ಎಲ್ಲ ಮುಗಿದು ಪ್ರಸಾದ ಹಂಚುವಾಗ, ಹೊಸದಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು ಅತ್ತೆಯವರ ಕೈ ಹಿಡಿದುಕೊಂಡು, "ಏನು ದನಿರಿ ಅಮ್ಮಾರ, ಮೈ ಝುಂ ಅಂತು. ಆದರ ನಡುನಡುವ ಟಿಣ್ ಟಿಣ್ ಅಂತ ಏನೋ ಬರತಿತ್ತಲ್ರೀ, ಮಷೀನ್ ಏನರ ಕೆಟ್ಟದೇನು?" ಎಂದರು.

ಅತ್ತೆಯವರು ಹಿಂದಿರುಗಿ ನನ್ನನ್ನು ಒಮ್ಮೆ ವಾತ್ಸಲ್ಯದಿಂದ ನೋಡಿ, "ಇಲ್ಲವಾ, ಮಷೀನ್ ಛಲೋ ಅದ. ಅದು ನಮ್ಮ ಸೊಸಿ" ಎಂದರು.

ನಾನು ಆ ಹೆಣ್ಣುಮಗಳಿಗೆ ನಮಸ್ಕಾರ ಮಾಡಿ, ವೈರು ಸುತ್ತತೊಡಗಿದೆ.